ನಂಬರ್ ಹಾಕದ ಸುತ್ತಿಗೆಗಳು

ಅಂಗಡಿಯಿಂದ,
ತಾರೀಖು ಹದಿನಾಲ್ಕು, ಗುರುವಾರ

ಪ್ರೀತಿಯ ಯಜಮಾನರೇ,

ಹೇಗಿದ್ದೀರಿ? ಊಟ ಸೇರುತ್ತಿದೆಯಾ? ಆಸ್ಪತ್ರೆಯ ಸಪ್ಪೆ ಊಟಕ್ಕೆ ಮೂಗು ಮುರಿದು ತಟ್ಟೆ ಅತ್ತ ತಳ್ಳುತ್ತೀರೆಂದು ಅಲ್ಲೇ ನರ್ಸಾಗಿರುವ ನಿಮ್ಮ ತಂಗಿ ಫೋನಿನಲ್ಲಿ ದೂರು ಹೇಳಿದಳು. ಇಷ್ಟು ವರ್ಷ ನನ್ನ ಅಡುಗೆ ಉಂಡವರಿಗೆ ಅದೇನು ದೊಡ್ಡದು? ಬಲಗೈಗೆ ದಿನಾ ವ್ಯಾಯಾಮ ಮಾಡಿಸುತ್ತಾರಂತೆ, ಕೊಟ್ಟ ಚೆಂಡು ಇನ್ನೂ ಜಾರಿ ಬೀಳುತ್ತದಂತೆ. ಅಂಗಡಿ ಮುಚ್ಚಬಾರದೆಂದು ನನ್ನನ್ನು ಹಿಂದಕ್ಕೆ ಅಟ್ಟಿದವರು ನೀವೇ. ಇಲ್ಲಿ ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಬರೆದಿದ್ದೇನೆ. ನಿಜ ಹೇಳಬೇಕೆಂದರೆ ಮನೆ ಬಿಕೋ ಅನ್ನುತ್ತದೆ, ಯಾರೂ ಕೇಳದ ರೇಡಿಯೋ ದಿನವಿಡೀ ಒದರುತ್ತಿರುತ್ತದೆ.

ಈಗ ಹೇಳುವುದಕ್ಕೆ ಬೈಯಬೇಡಿ. ಶಾಲೆಯ ಹಳೇ ಪಿಯಾನೋವನ್ನು ನಾನೇ ರಿಪೇರಿ ಮಾಡಿ ಮುಗಿಸಿದೆ. "ಅದನ್ನ ಮುಟ್ಬೇಡ ಕಣೇ, ನಾನೇ ಬಂದು ಮಾಡ್ತೀನಿ" ಎಂದು ಸ್ಟ್ರೆಚರ್ ಮೇಲೆ ಮಲಗಿ ತೊದಲುತ್ತಲೇ ಅಪ್ಪಣೆ ಮಾಡಿದ್ದಿರಿ. ಆ ಕೆಲಸ ನಿಮಗಾಗಿ ಕಾದಿದೆ ಎಂಬ ಒಂದೇ ಆಸೆಯಲ್ಲಿ ಚೆಂಡು ಹಿಸುಕುತ್ತಿದ್ದೀರಿ ಎಂದೂ ನನಗೆ ಗೊತ್ತು. ಗೊತ್ತಿದ್ದೇ ಮುಟ್ಟಿದೆ.

ಪಿಯಾನೋದೊಳಗೆ ತಂತಿಗೆ ಬಡಿಯುವ ಸುತ್ತಿಗೆಗಳನ್ನು ಬಿಚ್ಚುವಾಗ ಎಲ್ಲರೂ ನಂಬರ್ ಹಾಕಿಕೊಳ್ಳುತ್ತಾರೆ, ನಿಮಗೆ ಮಾತ್ರ ಅದು ಅವಮಾನ. "ತಲೇಲಿದೆ ಬಿಡು" ಎಂದು ಊಟದ ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದಿರಿ. ನೀವು ಕುಸಿದಾಗ ಆಂಬುಲೆನ್ಸಿನವರು ಮೇಜನ್ನು ಪಕ್ಕಕ್ಕೆ ನೂಕಿದರು, ಸುತ್ತಿಗೆಗಳೆಲ್ಲ ನೆಲದ ಪಾಲಾದವು. ನಾನು ವಾಪಸು ಬಂದು ಅವನ್ನು ಬಕೆಟ್ಟಿಗೆ ಬಾಚಿ ಹಾಕಿ ಪಕ್ಕದಲ್ಲೇ ಕೂತು ಅತ್ತೆ. ಅತ್ತು ಮುಗಿದ ಮೇಲೆ ಒಂದನ್ನು ಎತ್ತಿ ನೋಡಿದೆ. ತಂತಿಗೆ ಬಡಿದೂ ಬಡಿದೂ ಅದರ ತುದಿಯ ಉಣ್ಣೆಯ ಫೆಲ್ಟಿನ ಮೇಲೆ ಗೀರು ಬಿದ್ದಿತ್ತು. ಬಡಿಯುವ ತಂತಿ ಎಷ್ಟೋ ಅಷ್ಟು ಗೀರು: ದಪ್ಪ ಸ್ವರದವಕ್ಕೆ ಒಂದೇ, ಆಮೇಲಿನವಕ್ಕೆ ಎರಡು, ಉಳಿದವಕ್ಕೆ ಮೂರು. ಗೀರು ನೋಡಿ ಗುಂಪು ಮಾಡಿದೆ, ಗುಂಪಿನೊಳಗೆ ಗಾತ್ರ ನೋಡಿ ಜೋಡಿಸಿದೆ. ಇಷ್ಟು ಕಾಲ ನಿಮಗೆ ದೀಪ ಹಿಡಿದು, ಅಂಟು ಕಾಯಿಸಿ ಕೊಟ್ಟದ್ದು ದಂಡವಾಗಲಿಲ್ಲ.

ಕೀಲಿನ ಪಿನ್ನುಗಳು ಸವೆದು ಸುತ್ತಿಗೆಗಳು ಸಡಿಲ ಹಲ್ಲಿನ ಹಾಗೆ ಅಲ್ಲಾಡುತ್ತಿದ್ದವು. ತೂತನ್ನು ತುಸು ಹಿಗ್ಗಿಸಿ, ಒಂದೆಳೆ ಹೆಚ್ಚು ದಪ್ಪದ ಹೊಸ ಪಿನ್ನು ಕೂರಿಸಿದೆ. ಗೀರುಗಳನ್ನು ಸ್ಯಾಂಡ್‌ಪೇಪರಿನಿಂದ ತುದಿಯ ಕಡೆಗಷ್ಟೇ ಉಜ್ಜಿದೆ, ನೀವು ಉಜ್ಜುವ ಹಾಗೆ. ನಡುವಿನ ಒಂದು ಕೀ ಇನ್ನೂ ಟಕ್ ಅನ್ನುತ್ತದೆ, ಏಕೆಂದು ತಿಳಿಯಲಿಲ್ಲ. ಶಾಲೆಯ ಟೀಚರಮ್ಮ ಬಂದು ನುಡಿಸಿ, "ಯಜಮಾನ್ರ ಕೈ ಅಂದ್ರೆ ಕೈ" ಅಂದರು. ನಿಮ್ಮ ಹೆಸರಿನಲ್ಲೇ ರಸೀದಿ ಬರೆದು ಕೊಟ್ಟೆ. ಗಾಡಿ ಬಂದು ಪಿಯಾನೋ ಹೊತ್ತುಕೊಂಡು ಹೋದ ಮೇಲೆ ಅದಿದ್ದ ಜಾಗವನ್ನು ಗುಡಿಸಲೂ ಮನಸ್ಸು ಬರಲಿಲ್ಲ.

ಔಷಧಿ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಿ. ತಂಗಿಯ ಮೇಲೆ ರೇಗಬೇಡಿ, ಅವಳಿಗೂ ವಯಸ್ಸಾಗಿದೆ. ಅವಳನ್ನು ಕೇಳಿದೆ ಎಂದು ಹೇಳಿ.

ನಿಮ್ಮ ದಾರಿ ಕಾಯುತ್ತಿರುವ,
ನಿಮ್ಮ ಮನೆಯವಳು

ವಿ.ಸೂ.: ಇಲ್ಲಿಂದ ಮುಂದಕ್ಕೆ ತಂಗಿ ಓದಿ ಹೇಳುವುದು ಬೇಡ, ನೀವೇ ಓದಿಕೊಳ್ಳಿ. ನಾನು ಹೊರಟ ದಿನ ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ಆ ಕೈ ಇನ್ನು ತುತ್ತು ಎತ್ತಿದರೆ ಹೆಚ್ಚಂತೆ, ಪಿನ್ನು ಹಿಡಿಯುವ ಮಾತು ಇಲ್ಲವಂತೆ. ನೀವು ಬಂದು ಆ ಪಿಯಾನೋ ಮುಂದೆ ಕೂತು, ಕೈಲಾಗದೆ ಏಳುವುದನ್ನು ನಾನು ನೋಡಲಾರೆ, ಅದಕ್ಕೇ ಮುಗಿಸಿಬಿಟ್ಟೆ. ಸಿಟ್ಟು ಬಂದರೆ ಬರಲಿ. ಮನೆಗೆ ಬಂದು ಬೈಯಿರಿ.