ಬೂದು ಬಣ್ಣದ ಗುಲಾಬಿ

ಹೆಬ್ಬಾಳ
೬ ಸೆಪ್ಟೆಂಬರ್ ೧೯೬೨

ಚಿರಂಜೀವಿ ಉಪೇಂದ್ರನಿಗೆ ಅಣ್ಣನ ಆಶೀರ್ವಾದ.

ಮೊದಲು ದೇವರ ಸಾಕ್ಷಿಯಾಗಿ ಒಂದು ತಪ್ಪೊಪ್ಪಿಗೆ. ಭಾನುವಾರ ಸಂಜೆ ಪಕ್ಕದ ಮನೆ ಸುಬ್ಬಮ್ಮನವರ ಬೇಲಿಯೊಳಗೆ ಕೈ ತೂರಿಸಿ ಟೊಮೇಟೊ ಕದ್ದೆ. ಅಮ್ಮ ನೋಡಿ, "ಏನೋ ಇದು, ಹಣ್ಣೆಲ್ಲಾ ಬಿಟ್ಟು ಹಸೀಕಾಯಿ ಕಿತ್ಕೊಂಡ್ ಬಂದಿದೀಯಲ್ಲೋ! ಕದಿಯೋಕೂ ಬರಲ್ವೇನೋ ನಿಂಗೆ?" ಎಂದಳು. ಕತ್ತಲಾಗಿತ್ತು ಎಂದು ವಾದಿಸಿದೆ.

ನಿನ್ನ ಆರೋಗ್ಯ ಹೇಗಿದೆ? ಮುಂಬಯಿಯ ನೀರು ಒಗ್ಗಿತೋ, ಹೊಟ್ಟೆಯಲ್ಲೂ ರೀಲು ಸುತ್ತುತ್ತಲೇ ಇದೆಯೋ? ಅಮ್ಮನ ಮಂಡಿನೋವು ಇದ್ದ ಹಾಗೇ ಇದೆ, ನನ್ನ ಮೇಲಿನ ಸಿಟ್ಟಿನ ಹಾಗೆ.

ಮುಂದಿನ ವಾರ ಶನಿವಾರ ನಮ್ಮ ಕಾಲೇಜಿನಲ್ಲಿ ನೀನು ತೆಗೆದ ಚಿತ್ರದ ಪ್ರದರ್ಶನ, ನೀನೇ ಮುಖ್ಯ ಅತಿಥಿ! ನಾನು ಹಾರದ ತಟ್ಟೆ ಹಿಡಿದು ನಿಲ್ಲಬೇಕಂತೆ. ಪ್ರಿನ್ಸಿಪಾಲ್ ವೆಂಕಟರಾಮಯ್ಯನವರು ಸ್ಟಾಫ್ ರೂಮಿನಲ್ಲಿ ಎಲ್ಲರೆದುರು, "ತಮ್ಮ ಅಂದ್ರೆ ಹೀಗಿರ್ಬೇಕು ಕಣ್ರೀ ಶೇಷಗಿರಿ" ಎಂದರು. ಹೇಗೆ? ಬಿ.ಎಸ್ಸಿ. ಮುಗಿದ ಮಾರನೇ ದಿನವೇ ರಸಾಯನಶಾಸ್ತ್ರಕ್ಕೆ ಎಳ್ಳುನೀರು ಬಿಟ್ಟು ಯಾರದೋ ಕ್ಯಾಮೆರಾದ ಮುಕ್ಕಾಲಿ ಹೊತ್ತವನು ನೀನು. ನಾನು ಬ್ಯುರೆಟ್ಟು ತೊಳೆದು ಡೆಮಾನ್‌ಸ್ಟ್ರೇಟರಾದೆ, ಸೀಮೆಸುಣ್ಣ ನುಂಗಿ ಲೆಕ್ಚರರಾದೆ, ತಲೆ ಬೋಳಾದ ಮೇಲೆ ಪ್ರೊಫೆಸರಾದೆ. ನಾನು ಪಾಠ ಬಿಡದೆ ಬೆಳೆದೆ, ನೀನು ರೀಲು ಬಿಟ್ಟು ಬೆಳೆದೆ. ಈಗ ನಿನಗೆ ಗೊತ್ತಿರುವ ರಸಾಯನವೆಂದರೆ ಬಾಳೆಹಣ್ಣಿನದೊಂದೇ. ಆದರೂ ದೇಶಕ್ಕೆಲ್ಲ ಆಮ್ಲ-ಕ್ಷಾರ ಬೋಧಿಸಲು ಹೊರಟಿದ್ದೀಯ.

ಬೇಸಿಗೆಯಲ್ಲಿ ನನ್ನ ಪ್ರಯೋಗಶಾಲೆಗೇ ಬಂದು ದೀಪ ನೆಟ್ಟು, ನನ್ನನ್ನೇ ಬೆವರಿಸಿ ತೆಗೆದೆಯಲ್ಲ, ಅದೆಂಥ ಚಿತ್ರವಪ್ಪಾ? ಬ್ಯುರೆಟ್ಟಿನ ಕೊಳವೆಯಿಂದ ಆಮ್ಲಕ್ಕೆ ಕ್ಷಾರ ತೊಟ್ಟಿಕ್ಕುತ್ತಾ, ನೀರಿನಂತಿದ್ದದ್ದು ಒಂದೇ ಹನಿಗೆ ಗುಲಾಬಿಗೆ ತಿರುಗುವ ಕ್ಷಣವೇ ಆ ಪ್ರಯೋಗದ ಪ್ರಾಣ. ನಿನ್ನ ಕಪ್ಪು-ಬಿಳುಪು ಪರದೆಯ ಮೇಲೆ ಅದು ಮುಸುರೆ ನೀರು! ಬಣ್ಣವೇ ಕಾಣದ ಚಿತ್ರದಲ್ಲಿ ರಸಾಯನಶಾಸ್ತ್ರ ತೋರಿಸುವವನಿಗೆ ಹಾರ ಬೇರೆ ಕೇಡು. ಇಷ್ಟು ವರ್ಷದಲ್ಲಿ ನಾನು ಆ ಹನಿಯನ್ನು ಒಮ್ಮೆಯೂ ತಪ್ಪಿಸಿಲ್ಲ. ಹುಡುಗರು ನನ್ನದು ಹದ್ದಿನ ಕಣ್ಣು ಅನ್ನುತ್ತಾರೆ, ವಿಚಾರಿಸಿಕೋ.

ಅಮ್ಮ ನಿನಗೆಂದು ಚಕ್ಕುಲಿಗೆ ಹಿಟ್ಟು ಬೀಸಿಸಿದ್ದಾಳೆ. ನನಗೆ ಪುಡಿ ಉಳಿದೀತು. ಹುಷಾರಾಗಿ ಬಾ.

ನಿನ್ನ ಅಣ್ಣ,
ಶೇಷಗಿರಿ
(ಪ್ರೊಫೆಸರ್, ಪ್ರೊಜೆಕ್ಟರ್ ಅಲ್ಲ)

ತಾ.ಕ.: ನೀನು ಮುಂಚೆಯೇ ಕಳಿಸಿದ ರೀಲನ್ನು ನಿನ್ನೆ ಪ್ರೊಜೆಕ್ಟರಿನ ವೆಂಕಟಸ್ವಾಮಿಯಿಂದ ಹಾಕಿಸಿ ನೋಡಿದೆ. ಸದ್ಯ, ನಾವಿಬ್ಬರೇ ಇದ್ದೆವು. ಕೊನೆಯ ಹನಿ ಬೀಳುವಾಗ ನಾನು ಫ್ಲಾಸ್ಕನ್ನೇ ನೋಡುತ್ತಿಲ್ಲ. ಎದುರಿಗೆ ನಿಂತ ನಾಗಮಣಿ ಎಂಬ ವಿದ್ಯಾರ್ಥಿನಿಯ ಮುಖ ನೋಡುತ್ತಿದ್ದೇನೆ. "ಏನ್ ಸಾರ್, ಸೀಸೆ ಬಿಟ್ಟು ಹುಡುಗೀನ ನೋಡ್ತಿದೀರಾ?" ಎಂದು ವೆಂಕಟಸ್ವಾಮಿ ಹಲ್ಲು ಕಿರಿದ. ಅವನೆಣಿಸಿದ್ದೇ ನಿಜವಾಗಿದ್ದರೆ ಎಷ್ಟೋ ವಾಸಿ. ಬಣ್ಣ ಕಂಡ ತಕ್ಷಣ ಆ ಹುಡುಗಿಯ ಹುಬ್ಬು ಹಾರುತ್ತದೆ. ಅದನ್ನು ನೋಡಿ ನಾನು ಬ್ಯುರೆಟ್ಟಿನ ತಿರುಪು ಮುಚ್ಚುತ್ತೇನೆ. ಪ್ರತಿ ವರ್ಷವೂ ತರಗತಿಯಲ್ಲಿ ಅಂಥದೊಂದು ಹುಬ್ಬು ಹುಡುಕಿಟ್ಟುಕೊಳ್ಳುತ್ತೇನೆ. ನಿನ್ನ ಪರದೆಯ ಮೇಲಿನ ಮುಸುರೆ ನೀರೇ ಕಣೋ ನನಗೆ ಫ್ಲಾಸ್ಕಿನಲ್ಲೂ ಕಾಣುವುದು. ಪ್ರಿನ್ಸಿಪಾಲರು ನೋಡುವ ಮೊದಲು ಆ ತುಣುಕು ತೆಗೆದುಬಿಡು, ನಿನ್ನ ಹಾರದ ತಟ್ಟೆ ತುಟಿಪಿಟಕ್ಕೆನ್ನದೆ ಹಿಡಿಯುತ್ತೇನೆ.

ಭಾನುವಾರ ಟೊಮೇಟೊ ಕೀಳುವಾಗ ಕತ್ತಲಾಗಿರಲಿಲ್ಲ. ಬರುವಾಗ ಕತ್ತರಿ ತಾ.