ಜೆನೋವಾದಲ್ಲಿ ಒರೆಸಿದ ತಟ್ಟೆ

ಫೆರಾರಾ,
ನವೆಂಬರ್ 17, ಸೋಮವಾರ ಮಧ್ಯಾಹ್ನ

ಪ್ರೀತಿಯ ಮಿರೆಲ್ಲಾ,

ಮಂಡಿನೋವು ಹೇಗಿದೆ? ನಿನ್ನ ಅಕ್ಕ ದೊನಾತಾಳ ಮನೆಗೆ ಮೂರು ಮಹಡಿ ಹತ್ತಬೇಕು, ನೀನು ದಿನಕ್ಕೆರಡು ಸಲ ತರಕಾರಿಯ ನೆಪ ಹೇಳಿಕೊಂಡು ಇಳಿಯುವವಳು. ಲೆಚ್ಚೆಯಲ್ಲಿ ಇನ್ನೂ ಬಿಸಿಲಿದೆ ಎಂದು ರೇಡಿಯೋ ಹೇಳಿತು. ಈಗ ನಮ್ಮೂರಿನ ಹವೆಗಿಂತ ಮೊದಲು ನಿನ್ನೂರಿನದನ್ನು ಕೇಳುತ್ತೇನೆ. ಇಲ್ಲಿ ಎದುರಿನ ಔಷಧಿ ಅಂಗಡಿಯೂ ಕಾಣದಷ್ಟು ಮಂಜು. ನಾನು ಚೆನ್ನಾಗಿದ್ದೇನೆ. ಹೇಗಿದ್ದೀಯ ಎಂದು ಕೇಳುವವರು ಮನೆಯಲ್ಲಿ ಇಲ್ಲ, ಅದಕ್ಕೇ ನಾನೇ ಹೇಳಿಕೊಂಡೆ.

ನವೆಂಬರಿನಲ್ಲಿ ಹೋಟೆಲಿಗೆ ಒಂದು ವಾರ ಬೀಗ ಹಾಕಿ ಯಾವುದಾದರೂ ಊರಿಗೆ ಎರಡು ದಿನ ಹೋಗಿ ಬರುವುದು ನಮ್ಮ ರೂಢಿಯಲ್ಲವೇ? ಈ ಸಲವೂ ಹೋದೆ. ಜೆನೋವಾಕ್ಕೆ ಜೂನ್‌ನಲ್ಲೇ ನೀನು ತೆಗೆಸಿಟ್ಟಿದ್ದ ಎರಡು ರೈಲು ಟಿಕೆಟ್ಟುಗಳೂ ಡ್ರಾಯರಿನಲ್ಲಿದ್ದವು. ನಿನ್ನ ಕಿಟಕಿಯ ಸೀಟಿನ ಮೇಲೆ ನನ್ನ ಕೋಟು ಇಟ್ಟುಕೊಂಡು ಕೂತೆ. ಪಿಯಾಚೆಂಜಾದಲ್ಲಿ ಒಬ್ಬ ಸನ್ಯಾಸಿನಿ ಹತ್ತಿ, “ಇಲ್ಲಿ ಯಾರಾದರೂ ಇದ್ದಾರೇನಪ್ಪಾ?” ಎಂದು ಕೇಳಿದರು. ಇದ್ದಾರೆ ಎಂದುಬಿಟ್ಟೆ. ಪಾಪ, ವೋಗೆರಾದವರೆಗೂ ನಿಂತೇ ಇದ್ದರು. ನನ್ನ ಕೋಟು ಆರಾಮಾಗಿ ಕೂತಿತ್ತು. ನಾಚಿಕೆಯಾಯಿತು, ಆದರೂ ತೆಗೆಯಲಿಲ್ಲ.

ಬಂದರಿನ ಹಿಂದಿನ ಗಲ್ಲಿಯಲ್ಲಿ ಆರೇ ಮೇಜುಗಳ ಒಂದು ಊಟದ ಮನೆ. ನೀನಿದ್ದಿದ್ದರೆ ಬಾಗಿಲಲ್ಲೇ ಅದರ ವಾಸನೆ ಹಿಡಿದು ನನ್ನ ತೋಳು ಜಗ್ಗುತ್ತಿದ್ದೆ. ಮಾಲೀಕ ದಪ್ಪ ಆಸಾಮಿ, ಬಡಿಸುವವನೂ ಅವನೇ. “ಒಬ್ರೇನಾ?” ಎಂದ. ತಲೆಯಾಡಿಸಿದೆ. ಎದುರಿನ ತಟ್ಟೆ, ಫೋರ್ಕು, ಗ್ಲಾಸು ಎಲ್ಲವನ್ನೂ ಒಂದೇ ಕೈಯಲ್ಲಿ ಬಾಚಿಕೊಂಡು ಹೋದ. ಮೂವತ್ತು ವರ್ಷದಿಂದ ಒಂಟಿ ಗಿರಾಕಿಗಳ ಎದುರಿಂದ ನಾನೂ ಹಾಗೆಯೇ ಎತ್ತಿಕೊಂಡು ಹೋಗಿದ್ದೇನೆ. ಉಳಿದವನು ಆ ಖಾಲಿ ಮೇಜುಬಟ್ಟೆಯನ್ನು ನೋಡುತ್ತಾ ಕೂರಬೇಕು ಎಂದು ಯಾವತ್ತೂ ಹೊಳೆದಿರಲಿಲ್ಲ.

ಸೊಪ್ಪು ತುಂಬಿದ ಪನ್ಸೋತಿ ಕಡುಬು ಬಂತು, ಮೇಲೆ ಅಕ್ರೋಟಿನ ಸಾಸು. ಎಂದಿನಂತೆ ಎದುರಿನ ತಟ್ಟೆಗೆ ಫೋರ್ಕು ಚಾಚಿದೆ, ಅಲ್ಲಿ ತಟ್ಟೆಯೇ ಇಲ್ಲ. ಎಷ್ಟು ಊರುಗಳಲ್ಲಿ, “ತಾಳು, ಉಪ್ಪು ನೋಡ್ತೀನಿ” ಎಂದು ನಿನಗಿಂತ ಮೊದಲು ನಿನ್ನ ತಟ್ಟೆಗೆ ಕೈಹಾಕಿದ್ದೇನೋ! ತೂರಿನ್‌ನಲ್ಲಿ ನೀನು ಬ್ರೆಡ್ಡಿನ ಚೂರಿನಿಂದ ತಟ್ಟೆ ಒರೆಸಲು ಹೋದಾಗ ಮೇಜಿನ ಕೆಳಗೆ ನಿನ್ನ ಕಾಲು ತುಳಿದೆ. ಬೇರೆಯವರ ಹೋಟೆಲಿನಲ್ಲಿ ತಟ್ಟೆ ಒರೆಸಿದರೆ ಸೋಲೊಪ್ಪಿದ ಹಾಗೆ ಎಂದು ಗದರಿಸಿದೆ. ನೀನು ಬ್ರೆಡ್ಡನ್ನು ಕೆಳಗಿಟ್ಟು ಕಿಟಕಿಯಾಚೆ ನೋಡಿದೆ.

ಜೆನೋವಾದಲ್ಲಿ ಕಾಲು ತುಳಿಯುವವರಿರಲಿಲ್ಲ. ಬ್ರೆಡ್ಡು ಮುರಿದು ಒರೆಸಿದೆ, ತಟ್ಟೆಯ ತಳದ ಹೂವಿನ ಚಿತ್ರ ಕಾಣುವವರೆಗೂ ಒರೆಸಿದೆ. ಮಾಲೀಕ ಅಡುಗೆಮನೆಯ ಕಡೆ ತಿರುಗಿ ಕೂಗಿದ: “ಲೀನಾ, ಬಾರೇ ಇಲ್ಲಿ! ನಿನ್ನ ಪಾತ್ರೆ ತೊಳೆಯೋ ಕೆಲಸ ಒಬ್ಬ ಫೆರಾರಾದೋನು ಕಿತ್ಕೊಂಡಿದ್ದಾನೆ!” ನನ್ನ ಮಾತಿನ ಧಾಟಿಯಲ್ಲೇ ಊರು ಪತ್ತೆಹಚ್ಚಿದ್ದ. ನಾನು ಅಭ್ಯಾಸಬಲದಿಂದ, ಇದು ನಿಮ್ಮ ಅಮ್ಮನ ಕೈರುಚಿಯೇ ಎಂದು ಕೇಳಿದೆ. ಅವನು ಹೊಟ್ಟೆ ಕುಲುಕಿಸಿ ನಕ್ಕ. “ನಮ್ಮಮ್ಮಂದಾ? ನಮ್ಮಮ್ಮ ನೀರು ಕುದಿಸಿದ್ರೂ ಸೀದುಹೋಗ್ತಿತ್ತು ಸ್ವಾಮಿ! ಎಲ್ಲಾ ಇವಳದೇ.” ಲೀನಾ ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತಾ ನಿಂತಿದ್ದಳು. ಆ ಮನುಷ್ಯನಿಗೆ ಅದು ಎಷ್ಟು ಸಲೀಸಾಗಿ ಬಂತು ಮಿರೆಲ್ಲಾ! ನನಗೆ ಮೂವತ್ತು ವರ್ಷದಲ್ಲಿ ಒಂದು ಸಲವೂ ಬರಲಿಲ್ಲ.

ನಿನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ, ಏಕೆಂದರೆ ನಾನು ಬಾಯಿಬಿಟ್ಟು ಒಪ್ಪಿಕೊಂಡಿಲ್ಲ. ನಮ್ಮಮ್ಮನ ರಾಗೂ ತೆಳ್ಳಗಿರುತ್ತಿತ್ತು, ಮಾಂಸ ಒಂದು ಕಡೆ, ಟೊಮೇಟೊ ಒಂದು ಕಡೆ. ಐದು ಗಂಟೆ ಸಣ್ಣ ಉರಿಯ ಮುಂದೆ ನಿಂತು ಅದಕ್ಕೆ ಜೀವ ಕೊಟ್ಟವಳು ನೀನು. ದಕ್ಷಿಣದ ಲೆಚ್ಚೆಯ ಹೆಂಗಸು ಫೆರಾರಾದವರಿಗೆ ರಾಗೂ ಬಡಿಸುತ್ತಾಳೆ ಎಂದರೆ ಊರಿನವರು ಮೂಗು ಮುರಿಯುತ್ತಾರೆಂದು ಹೆದರಿದೆ. ಅದಕ್ಕೇ ನಿನ್ನ ರಾಗೂಗೆ ಅಮ್ಮನ ಹೆಸರಿಟ್ಟೆ. ಸೆಪ್ಟೆಂಬರಿನಲ್ಲಿ ಪತ್ರಿಕೆಯವನು ಬಂದು ಇದು ಯಾರ ಕೈರುಚಿ ಎಂದು ಕೇಳಿದಾಗ ನೀನು ಸೌಟು ಹಿಡಿದು ಪಕ್ಕದಲ್ಲೇ ನಿಂತಿದ್ದೆ, ನಾನು ಗೋಡೆಯ ಮೇಲಿನ ಅಮ್ಮನ ಫೋಟೋ ತೋರಿಸಿದೆ. ನೀನು ಏಪ್ರನ್ ಬಿಚ್ಚಿ ಮೊಳೆಗೆ ಹಾಕಿ, “ಹಂಗಾದ್ರೆ ನಿಮ್ಮಮ್ಮನೇ ಬಂದು ಬೇಯಿಸ್ಲಿ” ಎಂದೆ. ಅಮ್ಮ ತೀರಿಕೊಂಡು ಒಂಬತ್ತು ವರ್ಷ. ಆ ಏಪ್ರನ್ ಇನ್ನೂ ಅಲ್ಲೇ ಇದೆ. ನನಗೆ ಅದನ್ನು ಮುಟ್ಟುವ ಧೈರ್ಯವಿಲ್ಲ. ನೀನಿಲ್ಲದೆ ಮನೆ ಬಿಕೋ ಎನ್ನುತ್ತಿದೆ, ಹೋಟೆಲು ತುಂಬಿದ್ದಾಗ ಇನ್ನೂ ಹೆಚ್ಚು.

ದೊನಾತಾಳಿಗೆ ನನ್ನ ನಮಸ್ಕಾರ. ಅವಳು ನನ್ನನ್ನು ಬೈದರೆ ತಡೆಯಬೇಡ, ಬೈಯಲಿ. ಮಂಡಿಗೆ ಬಿಸಿ ಕಾವು ಕೊಡು, ಮೆಟ್ಟಿಲು ಕಡಿಮೆ ಮಾಡು.

ನಿನ್ನ
ಎರ್ಮೆಸ್

ತಾ.ಕ.: ಅಂಚೆಯ ಡಬ್ಬ ಖಾಲಿಮಾಡುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಫ್ರೀಜರಿನ ತಳದಲ್ಲಿ ನಿನ್ನ ಕೈಬರಹದ ಚೀಟಿಯಿದ್ದ ಕೊನೆಯ ರಾಗೂ ಡಬ್ಬಿ ಸಿಕ್ಕಿತು. ಇವತ್ತು ಬಿಸಿಮಾಡಿ ಉಂಡೆ. ಮೊದಲ ಸಲ ನಿನ್ನ ಅಡುಗೆಯ ತಟ್ಟೆಯನ್ನು ಬ್ರೆಡ್ಡಿನಿಂದ ಒರೆಸಿದೆ, ನೋಡಲು ನೀನಿರಲಿಲ್ಲ. ಕಳೆದ ಶುಕ್ರವಾರ ಹೋಟೆಲಿನ ಬಾಗಿಲು ತೆರೆದಾಗ ಹೊರಗಿನ ಕಪ್ಪುಹಲಗೆಯ ಮೇಲೆ ದೊಡ್ಡದಾಗಿ ಬರೆದಿದ್ದೇನೆ: “ಲೆಚ್ಚೆಯ ಮಿರೆಲ್ಲಾಳ ರಾಗೂ. ಇವತ್ತು ಇಲ್ಲ.” ಯಾರೂ ಮೂಗು ಮುರಿಯಲಿಲ್ಲ ಕಣೇ. ಬಂದವರೆಲ್ಲ ಒಂದೇ ಕೇಳುತ್ತಾರೆ, ಹಾಗಾದರೆ ಯಾವತ್ತು ಎಂದು. ನಾನು ಏನು ಹೇಳಲಿ?