ಸಿಗರೇಟು ಹಚ್ಚಿಕೊಡುವ ಖಳನಾಯಕ

ಮನೆಯಿಂದ, ಮಾರ್ಚ್ ೧೨

ಪ್ರೀತಿಯ ಗುಬ್ಬೀ,

ಹೇಗಿದ್ದೀಯ ಮಗಳೇ? ಫೋನಿನಲ್ಲಿ ಹೇಳುವ ‘ಚೆನ್ನಾಗಿದ್ದೀನಿ’ಯನ್ನೇ ಮತ್ತೆ ಬರೆಯಬೇಡ. ನನ್ನ ಮಂಡಿನೋವು ನನ್ನ ಜೊತೆಯೇ ಸಂಸಾರ ಹೂಡಿದೆ, ನಿನ್ನಮ್ಮನ ಬೈಗುಳವೂ ಕ್ಷೇಮ. ನಮ್ಮ ಚಿತ್ರಮಂದಿರ ಕೆಡವುತ್ತಿದ್ದಾರೆ, ನೋಡಿಕೊಂಡು ಬಂದೆ. ನಾನು ಮೂವತ್ತು ವರ್ಷ ಸಿನಿಮಾ ಓಡಿಸಿದ ಪ್ರೊಜೆಕ್ಟರ್ ಕೋಣೆಯ ಒಂದು ಗೋಡೆ ಮಾತ್ರ ನಿಂತಿತ್ತು.

ನೀನು ರೀಲಿನ ಡಬ್ಬದ ಮೇಲೆ ಕುಳಿತು ನನ್ನ ಜೊತೆ ಜಗಳವಾಡುತ್ತಿದ್ದದ್ದು ನೆನಪಾಯಿತು. ಟೋಪಿ, ನೆರಳು, ಒದ್ದೆ ರಸ್ತೆಗಳ ಆ ಕಪ್ಪು-ಬಿಳುಪು ಕೊಲೆ ಸಿನಿಮಾಗಳಲ್ಲಿ ಯಾವ ಖಳನಾಯಕ ದೊಡ್ಡವನು ಅಂತ. ನಿನಗೆ ಬೊಜ್ಜಿನವನೆಂದರೆ ಪ್ರಾಣಭಯ. ಮೇಜು ಗುದ್ದಿ ಗಹಗಹಿಸುವವನು ಬೊಗಳುವ ನಾಯಿ ಕಣೇ, ಅನ್ನುತ್ತಿದ್ದೆ ನಾನು. ನನ್ನ ಮತ ತೆಳುಮೀಸೆಯವನಿಗೆ. ಒಂದೊಂದೇ ಬೆರಳು ಬಿಡಿಸಿ ಕೈಗವಸು ತೆಗೆದು, ಕೊಲ್ಲಬೇಕಾದವನಿಗೇ ಸಿಗರೇಟು ಹಚ್ಚಿಕೊಡುವ ಆ ನಾಜೂಕು! ಬೊಜ್ಜಿನವನನ್ನು ಕಂಡರೆ ಓಡಿಹೋಗಬಹುದು, ಇವನೆದುರು ಕಾಲೇ ಏಳುವುದಿಲ್ಲ. ಯಂತ್ರದ ಗದ್ದಲದಲ್ಲಿ ನನಗೆ ಮಾತು ಕೇಳಿಸುತ್ತಿರಲಿಲ್ಲ, ಕೈ ನೋಡಿಯೇ ಮನುಷ್ಯನನ್ನು ಅಳೆಯುತ್ತಿದ್ದೆ. ‘ಅಪ್ಪ ಮಗಳಿಗೆ ಕೊಲೆಗಡುಕರೇ ನೆಂಟರು’ ಅಂತ ಅಮ್ಮ ಗೊಣಗುತ್ತಿದ್ದಳು.

ಅಂಥ ಜಾಣ ನಾನು, ಅಳಿಯದೇವರು ಮದುವೆ ಮಾತಿಗೆ ಬಂದ ದಿನ ಕೈ ನೋಡಲಿಲ್ಲ, ಮಾತು ಕೇಳುತ್ತ ಕುಳಿತೆ. ಎಂಥ ಮೆದು ದನಿ, ಎಷ್ಟು ವಿನಯ! ಚಿನ್ನದಂಥ ಹುಡುಗ ಅಂತ ಊರೆಲ್ಲ ಸಾರಿಕೊಂಡು ಬಂದೆ. ಹೋದ ವಾರ ನಿಮ್ಮ ಮನೆಗೆ ಬಂದಿದ್ದಾಗ ನೀನು ಏನೋ ಹೇಳಿ ನಗುತ್ತಿದ್ದೆ. ಅವನು ಮೆಲ್ಲಗೆ ನಿನ್ನ ಕತ್ತಿನ ಹಿಂದೆ ಕೈಯಿಟ್ಟ. ನಿನ್ನ ಮಾತು ಅರ್ಧಕ್ಕೇ ನಿಂತಿತು, ಮುಖ ಬಿಳುಚಿಕೊಂಡಿತು. ಕೈ ತೆಗೆಯದೆಯೇ ಅವನು ನನ್ನ ಕಡೆ ನಕ್ಕು, ‘ಇನ್ನೊಂದು ಕಪ್ ಟೀ ಕುಡೀತೀರಾ ಮಾವ?’ ಅಂದ. ನಾನು ಹೂಂ ಅಂದೆ ಮಗಳೇ, ಕುಡಿದೂಬಿಟ್ಟೆ.

‘ಅವಳ ತಲೆ ನೇವರಿಸಿದೆ’ ಅಂತ ಬರೆಯಲು ಅಮ್ಮ ಹೇಳಿದಳು.

ನಿನ್ನ
ಅಪ್ಪ

ಮರೆತಿದ್ದೆ: ಈ ಕಾಗದವನ್ನು ಮನೆಗೆ ಹಾಕಿಲ್ಲ, ನೀನು ಪಾಠ ಹೇಳುವ ಶಾಲೆಗೇ ಹಾಕಿದ್ದೇನೆ. ಓದಿ ಹರಿದುಬಿಡು. ಸೋಮವಾರ ಮಧ್ಯಾಹ್ನ ಹನ್ನೆರಡಕ್ಕೆ ನಾನೂ ಅಮ್ಮನೂ ಶಾಲೆಯ ಗೇಟಿನೆದುರು ಟ್ಯಾಕ್ಸಿಯಲ್ಲಿ ಕಾಯುತ್ತಿರುತ್ತೇವೆ. ಬಟ್ಟೆಬರೆ, ಒಡವೆ ಏನೂ ಬೇಡ. ಮದುವೆಯಾದ ವರ್ಷವೇ ನೀನು ಅಳುತ್ತ ಬಂದಾಗ ‘ಹೊಂದಿಕೊಂಡು ಹೋಗು’ ಅಂತ ವಾಪಸ್ಸು ಬಸ್ಸು ಹತ್ತಿಸಿದವನು ನಾನೇ. ನನ್ನ ಬಾಯಿಗಿಷ್ಟು ಮಣ್ಣು ಹಾಕ. ಹೊಂದಿಕೊಳ್ಳಬೇಡ ಗುಬ್ಬೀ, ಬಂದುಬಿಡು.